ಫೆರಾರಿ ಕೆಂಪಿಗೆ ಪ್ರೂಫ್ ಕೇಳ್ತೀರಿ, ನಮ್ಮೂರ ಕೆಂಪಿಗೆ ಯಾಕೆ ಕೇಳಲ್ಲ?

1/8
ಈ ಸೀರೀಸ್ ನಮ್ಮ ಮಾಡೆಲ್ ಕಾರ್ ಗ್ಯಾಂಗಿಗೆ. ಚನ್ನಪಟ್ಟಣದಲ್ಲೇ ಇರೋರಿಗೂ, ರಾಮನಗರ, ಕನಕಪುರ, ಮಾಗಡಿಯಿಂದ ಬಸ್ಸಲ್ಲಿ ಬರೋರಿಗೂ. ಸ್ವಲ್ಪ ಖಾರ ಇದೆ. ಪೂರ್ತಿ ಓದಿ, ಆಮೇಲೆ ಬೈರಿ.

ಯಾರಾದ್ರೂ 1:43 ಅಳತೆಯ ಫೆರಾರಿ ಫೋಟೋ ಹಾಕಿದ್ರೆ ಸಾಕು, ಶುರು ಆಗುತ್ತೆ. "ಶೇಡ್ ತಪ್ಪು ಮಗಾ." "ಕಿತ್ತಳೆ ಕಡೆ ವಾಲಿದೆ." "ಪೇಂಟ್ ಕೋಡ್ ಹೇಳು." ಇದೇ ಜನ ಮೈಸೂರು ರಸ್ತೆ ಪಕ್ಕದ ಅಂಗಡೀಲಿ ಮರದ ರೇಸ್ ಕಾರ್ ತಗೊಂಡು "ಅಪ್ಪಟ ಚನ್ನಪಟ್ಟಣ" ಅಂತ ಸ್ಟೋರಿ ಹಾಕ್ತಾರೆ. ಆ ಕೆಂಪು ಎಲ್ಲಿಂದ ಬಂತು, ಅದು ಅರಗೋ ಸ್ಪ್ರೇ ಪೇಂಟೋ, ಒಬ್ಬರೂ ಕೇಳಲ್ಲ.

ಇಟಲಿ ಬಣ್ಣಕ್ಕೆ ಒಂದು ನ್ಯಾಯ, ನಮ್ಮೂರ ಬಣ್ಣಕ್ಕೆ ಇನ್ನೊಂದು ನ್ಯಾಯನಾ? ನನ್ನ ಜಗಳ ಇಷ್ಟೇ.

2/8
ಮೊದಲು ನಿಮ್ಮ ಒಳ್ಳೇ ಗುಣದ ಬಗ್ಗೆ ಹೇಳ್ತೀನಿ. ಸರಿಯಾದ ಮಾಡೆಲ್ ಮಾಡೋರು "ಫೆರಾರಿ ಅಂದ್ರೆ ಕೆಂಪು" ಅಂತ ಸುಮ್ಮನಾಗಲ್ಲ. ಯಾವ ರೇಸು, ಯಾವ ವರ್ಷ ಅಂತ ಕೇಳ್ತಾರೆ. ಯಾಕಂದ್ರೆ 1964ರಲ್ಲಿ ಜಾನ್ ಸರ್ಟೀಸ್ ಮೆಕ್ಸಿಕೋದಲ್ಲಿ ವಿಶ್ವ ಚಾಂಪಿಯನ್ ಆದಾಗ ಓಡಿಸಿದ ಫೆರಾರಿ ಕೆಂಪು ಇರಲಿಲ್ಲ, ನೀಲಿ-ಬಿಳಿ ಇತ್ತು. ಇಟಲಿಯ ಮೋಟಾರ್ ಸಂಸ್ಥೆ ಜೊತೆ ಜಗಳ ಆಡಿ ಎಂಜೊ ಫೆರಾರಿ ಕೆಂಪನ್ನೇ ಬಿಟ್ಟಿದ್ದರು.

ನಮ್ಮ ದೇಶದ ಹೆಸರಿದ್ದ ಫೋರ್ಸ್ ಇಂಡಿಯಾ ಕಾರನ್ನೇ ನೋಡಿ. 2017ರ ಕಾರು ಮೊದಲು ತೋರಿಸಿದಾಗ ಬೆಳ್ಳಿ ಬಣ್ಣ. ಮೊದಲ ರೇಸಿಗೆ ಬರೋ ಹೊತ್ತಿಗೆ ಗುಲಾಬಿ. ಸ್ಪಾನ್ಸರ್ ಬಂದ, ಬಣ್ಣ ಬದಲಾಯ್ತು.

ಅಂದ್ರೆ ಬಣ್ಣಕ್ಕೆ ಒಂದು ತಾರೀಖು, ಒಂದು ಕಾರಣ, ಒಂದು ಮೂಲ ಇರುತ್ತೆ. ಇದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಊರಲ್ಲಿ ಕೇಳಲ್ಲ ಅನ್ನೋದೇ ನನ್ನ ತಕರಾರು.

3/8
ಹಾಗಾದ್ರೆ ಚನ್ನಪಟ್ಟಣದ ಬಣ್ಣದ ಮೂಲ ಏನು? ಅರಗು. ಹೌದು, ಪಾಂಡವರ ಅರಗಿನ ಮನೆಯ ಅದೇ ಅರಗು. ಒಂದು ಜಾತಿ ಕೀಟ ಮರದ ರೆಂಬೆ ಮೇಲೆ ಬಿಡೋ ಅಂಟು. ಅದನ್ನ ಕಾಯಿಸಿ, ಬಣ್ಣ ಬೆರೆಸಿ, ಕಡ್ಡಿ ಮಾಡ್ತಾರೆ. ಆಲೆ ಮರದ ತುಂಡು ಲೇತ್ ಮೇಲೆ ತಿರುಗ್ತಾ ಇರುವಾಗ ಆ ಕಡ್ಡಿಯನ್ನ ಒತ್ತಿ ಹಿಡಿದ್ರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಕೇದಗೆ ಗರಿ ಒತ್ತಿ ಹೊಳಪು ಕೊಡ್ತಾರೆ. ಬ್ರಷ್ ಇಲ್ಲ, ಸ್ಪ್ರೇ ಗನ್ ಇಲ್ಲ.

2005-06ರಲ್ಲಿ ಈ ಗೊಂಬೆಗಳಿಗೆ ಜಿಐ ಟ್ಯಾಗ್ ಸಿಕ್ತು. ಊರಿನ ಹೆಸರಿಗೆ ಆ ಬೆಲೆ ತಂದುಕೊಟ್ಟಿದ್ದು ಈ ಕೈಗೆಲಸ. ಅದನ್ನ ಬಿಟ್ಟು ಬರೀ ಹೆಸರು ಇಟ್ಕೊಂಡ್ರೆ ಉಳಿಯೋದು ಸ್ಟಿಕ್ಕರ್ ಅಷ್ಟೇ.

4/8
ಈಗ ರೇಸ್ ಕಾರಿಗೆ ಬರೋಣ. ಲೇತ್‌ನಲ್ಲಿ ಅರಗು ಹತ್ತೋದು ತಿರುಗೋ ತುಂಡಿಗೆ, ಅಂದ್ರೆ ದುಂಡಗಿರೋದಕ್ಕೆ ಮಾತ್ರ. ಚಕ್ರ, ಡ್ರೈವರ್ ತಲೆ, ಉದ್ದ ದುಂಡು ಬಾಡಿ. ಹಲಗೆ ಕತ್ತರಿಸಿ ಮಾಡಿದ ಚಪ್ಪಟೆ ರೆಕ್ಕೆ, ಮೂಲೆಮೂಲೆ ಇರೋ ಬಾಡಿಗೆ ಈ ದಾರಿಯಲ್ಲಿ ಅರಗು ಹಚ್ಚೋಕಾಗಲ್ಲ.

ಹಾಗಾಗಿ ಇವತ್ತಿನ ಫಾರ್ಮುಲಾ ಒನ್ ಕಾರಿನ ಥರ ರೆಕ್ಕೆಪುಕ್ಕ ಇರೋ ಮರದ ಕಾರು ಮೈಯೆಲ್ಲಾ ಪಳಪಳ ಅಂತಿದ್ರೆ, ಅಲ್ಲೇ ಪ್ರಶ್ನೆ ಏಳಬೇಕು.

ನಮ್ಮ ಲೇತ್‌ಗೆ ಹೇಳಿ ಮಾಡಿಸಿದ ಹಾಗಿರೋದು 1950ರ ದಶಕದ ಚುಟ್ಟಾ ಆಕಾರದ ಕಾರುಗಳು. ಆಗ ಬಣ್ಣ ಸ್ಪಾನ್ಸರ್‌ದಲ್ಲ, ದೇಶದ್ದು. ಇಟಲಿಗೆ ಕೆಂಪು, ಬ್ರಿಟನ್‌ಗೆ ಹಸಿರು, ಫ್ರಾನ್ಸ್‌ಗೆ ನೀಲಿ, ಬೆಲ್ಜಿಯಂಗೆ ಹಳದಿ. 1968ರಲ್ಲಿ ಲೋಟಸ್ ತಂಡ ಹಸಿರು ಬಿಟ್ಟು ಸಿಗರೇಟ್ ಕಂಪನಿಯ ಕೆಂಪು-ಬಿಳಿ-ಚಿನ್ನದ ಬಣ್ಣ ಬಳಿದುಕೊಂಡ ಮೇಲೆ ಆ ಕಾಲ ಮುಗೀತಾ ಬಂತು. ಕೆಂಪು, ಹಸಿರು, ನೀಲಿ, ಹಳದಿ: ನಾಲ್ಕೂ ಅರಗಿನ ಕಡ್ಡಿಯಲ್ಲಿವೆ. ಇದಕ್ಕಿಂತ ಒಳ್ಳೇ ಜೋಡಿ ಬೇಕಾ ಗುರು?

5/8
"ಆದ್ರೆ ಶೇಡ್ ಕರೆಕ್ಟಾಗಿ ಮ್ಯಾಚ್ ಆಗಲ್ಲ" ಅಂತೀರಿ. ಆಗಲ್ಲ, ಒಪ್ಪಿದೆ. ಅರಗಿಗೇ ತನ್ನದೊಂದು ಜೇನಿನ ಬಣ್ಣ ಇದೆ. ಅದರೊಳಗೆ ನೀಲಿ ಹಾಕಿದ್ರೆ ಸ್ವಲ್ಪ ಹಸಿರಿಗೆ ತಿರುಗುತ್ತೆ. ಅದು ತಪ್ಪಲ್ಲ, ಆ ವಸ್ತುವಿನ ಗುಣ.

ಅಷ್ಟಕ್ಕೂ ನೀವು ಮ್ಯಾಚ್ ಮಾಡ್ತಿರೋದು ಯಾವುದಕ್ಕೆ? ಫೋನ್ ಸ್ಕ್ರೀನಿಗೆ. ಟ್ಯೂಬ್‌ಲೈಟ್ ಕೆಳಗೆ ಒಂದು ಕೆಂಪು, ಬಿಸಿಲಲ್ಲಿ ಇನ್ನೊಂದು ಕೆಂಪು, ಫಿಲ್ಟರ್ ಹಾಕಿದ್ರೆ ಮೂರನೇ ಕೆಂಪು. ಇದನ್ನ ನಂಬಿ ಅರಗಿನ ಕೆಂಪನ್ನ ಫೇಲ್ ಮಾಡ್ತೀರಾ?

6/8
ಇದು ಬರೀ ಶೋಕಿ ಜಗಳ ಅಲ್ಲ. ನಮ್ಮ ಮಾಡೆಲ್ ಗಾಜಿನ ಡಬ್ಬಿಯಲ್ಲಿರುತ್ತೆ. ಮರದ ಕಾರು ಮಗುವಿನ ಬಾಯಲ್ಲಿರುತ್ತೆ. ಶುದ್ಧ ಮಾಡಿದ ಅರಗನ್ನ ಮಾತ್ರೆ, ಚಾಕೊಲೇಟ್ ಹೊಳಪಿಗೂ ಬಳಸ್ತಾರೆ. ಯಾವುದೋ ಡಬ್ಬಿ ಪೇಂಟ್ ಬಗ್ಗೆ ಹಾಗೆ ಹೇಳೋಕಾಗಲ್ಲ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದು ಅಂತ 2016ರಲ್ಲಿ ನಿಯಮ ಬಂದಿದ್ದು ಸುಮ್ಮನೆ ಅಲ್ಲ.

2021ರಿಂದ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ. ಆದ್ರೆ ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಅದು ಸರಿಯೇ. ಒಂದು ಲೇತ್ ಇಟ್ಕೊಂಡಿರೋರು ಲ್ಯಾಬ್ ಖರ್ಚು ಎಲ್ಲಿಂದ ತರ್ತಾರೆ? ಆದ್ರೆ ಮಾರ್ಕ್ ಇಲ್ಲದ ಕಡೆ ಕೇಳೋ ಕೆಲಸ ಕೊಳ್ಳೋರ ಮೇಲೆ ಬರುತ್ತೆ. ಅಂದ್ರೆ ನಮ್ಮ ಮೇಲೆ.

7/8
ಕಾಮೆಂಟ್ ಏನು ಬರುತ್ತೆ ಗೊತ್ತು. "ಬಡವರ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಉಲ್ಟಾ ಸ್ವಾಮಿ. ಒಂದೊಂದೇ ತುಂಡು ಲೇತ್‌ಗೆ ಹಾಕಿ ಅರಗು ಹಚ್ಚೋ ಅಣ್ಣ, ಅಕ್ಕನ ಹೊಟ್ಟೆ ಮೇಲೆ ಹೊಡೀತಿರೋದು ಸಾಲಾಗಿ ಇಟ್ಟು ಸ್ಪ್ರೇ ಹೊಡೆದು, ಅದೇ ಹೆಸರಲ್ಲಿ ಕಮ್ಮಿ ರೇಟಿಗೆ ಮಾರೋರು. ನಾವು ಕೇಳದೇ ಇದ್ರೆ ಆ ಅಕ್ಕನ ಹೊತ್ತಿಗೆ, ಕೈಗೆ ಬೆಲೆಯೇ ಇಲ್ಲ ಅಂತಾಯ್ತು.

"ಪೇಂಟ್ ಮಾಡಿದ್ರೆ ತಪ್ಪಾ?" ತಪ್ಪಲ್ಲ. ಪೇಂಟ್ ಅಂತ ಹೇಳಿ ಮಾರಲಿ. ಸುಳ್ಳು ಹೆಸರಲ್ಲಿ ಮಾರೋದು ತಪ್ಪು.

ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೀರಲ್ಲ? ರೀಲರ್‌ಗಳು ರೇಷ್ಮೆಗೂಡನ್ನ ಕೈಲಿ ಹಿಡಿದು, ಒತ್ತಿ, ಅಲುಗಾಡಿಸಿ ನೋಡದೇ ಬೆಲೆ ಕೂಗ್ತಾರಾ? ಅದನ್ನ ಯಾರೂ ಅವಮಾನ ಅನ್ನಲ್ಲ. ವ್ಯಾಪಾರ ಅಂತಾರೆ.

8/8
ಹಾಗಾಗಿ ಮುಂದಿನ ಸಲ ಮರದ ಕಾರ್ ತಗೊಳ್ಳುವಾಗ ಮೂರೇ ಪ್ರಶ್ನೆ:
▪ ಇದು ಅರಗಾ, ಪೇಂಟಾ?
▪ ಅರಗಾದ್ರೆ ಅದರೊಳಗಿನ ಬಣ್ಣ ಯಾವುದು? ಅರಿಶಿನ, ನೀಲಿ ಗಿಡದ ಥರದ್ದಾ, ಕೆಮಿಕಲ್ಲಾ? (ಅರಗು ಅಂದ ಮಾತ್ರಕ್ಕೆ ಬಣ್ಣವೂ ಗಿಡದ್ದೇ ಅಂತಲ್ಲ.)
▪ ಮರ ಯಾವುದು, ಲೇತ್‌ಗೆ ಹಾಕಿದ್ದು ಎಲ್ಲಿ?

ನಗುನಗ್ತಾ ಕೇಳಿ, ಅಣ್ಣಾ ಅಕ್ಕಾ ಅಂತಾನೇ ಕೇಳಿ. ನಿಜವಾಗಿ ಅರಗು ಹಚ್ಚೋರು ಖುಷಿಯಿಂದ ಕಡ್ಡಿ ತಂದು ತೋರಿಸ್ತಾರೆ. ಮಾತು ಮರೆಸೋರನ್ನ ಬಿಟ್ಟು ಪಕ್ಕದ ಅಂಗಡಿಗೆ ನಡೀರಿ.

ಉತ್ತರ ಸಿಕ್ಕಿದ ಮೇಲೆ ಕಾರಿನ ಫೋಟೋ ಜೊತೆ ಅದನ್ನೂ ಬರೆದು ಹಾಕಿ. ಆಮೇಲೆ ಬೇಕಾದ್ರೆ ಫೆರಾರಿ ಶೇಡ್ ಬಗ್ಗೆ ರಾತ್ರಿಯೆಲ್ಲಾ ಜಗಳ ಆಡೋಣ, ನಾನೂ ಬರ್ತೀನಿ.

#ಚನ್ನಪಟ್ಟಣ #ಅರಗಿನಬಣ್ಣ #ಮರದಕಾರು #ಮಾಡೆಲ್‌ಕಾರ್ #ಕೇಳಿಕೊಳ್ಳಿ