ಮೊದಲು ಹನ್ನೆರಡು ಸೆಕೆಂಡು, ತಾತ!

ಗೌರಿ ಹಬ್ಬಕ್ಕೆ ಅರಕಲಗೂಡಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಈಗ ಎಪ್ಪತ್ತೆಂಟು. ಒಂದು ಕಾಲಕ್ಕೆ ಆಲೂಗೆಡ್ಡೆ ಮೂಟೆ ಹೆಗಲಿಗೇರಿಸಿ ಗಾಡಿ ತುಂಬುತ್ತಿದ್ದವರು, ಈಗ ಜಗಲಿಯಿಂದ ಏಳಲು ಕಂಬ ಹಿಡಿಯುತ್ತಾರೆ.

"ಕಾಲಲ್ಲಿ ಕಸುವೇ ಇಲ್ಲ ಕಣಪ್ಪ. ಬೆಂಗಳೂರಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡ್ತಾರಂತೆ, ಮಾಂಸಖಂಡ ಹೊಸದಾಗಿ ಬೆಳೆಯುತ್ತಂತೆ. ಚನ್ನರಾಯಪಟ್ಟಣದ ಹತ್ರ ಇರೋ ಹತ್ತು ಗುಂಟೆ ತೆಂಗಿನ ತೋಟ ಮಾರಿಬಿಡೋಣ ಅಂತಿದ್ದೀನಿ" ಎಂದರು.

"ಸ್ವಲ್ಪ ದಿನ ತಡೀರಿ ದೊಡ್ಡಪ್ಪ" ಎಂದೆ. ಆಮೇಲೆ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ 'ಸಾರ್ಕೋಪೀನಿಯಾ' ಎನ್ನುತ್ತಾರೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇಟ್ಟ ಹೆಸರಿದು. ನಮ್ಮ ಸ್ನಾಯುವಿನ ಎಳೆಗಳ ಪಕ್ಕದಲ್ಲೇ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಅವನ್ನು ಕಂಡರು. ಕಣಜದ ಬಿತ್ತನೆ ಬೀಜದಂತೆ ಅವು ಮಲಗಿರುತ್ತವೆ. ಪೆಟ್ಟಾದಾಗ ಎದ್ದು, ಹೆಚ್ಚಾಗಿ, ಹರಿದದ್ದನ್ನು ಕಟ್ಟುತ್ತವೆ. ಈ ನಿದ್ದೆಯ ಗುಟ್ಟನ್ನು ಹೈದರಾಬಾದಿನಲ್ಲೂ ನಮ್ಮ ಬೆಂಗಳೂರಿನ 'ಇನ್‌ಸ್ಟೆಮ್' ಸಂಸ್ಥೆಯಲ್ಲೂ ಜ್ಯೋತ್ಸ್ನಾ ಧವನ್ ಮತ್ತವರ ತಂಡ ಹುಡುಕಿದೆ.

ಹಾಗಾದರೆ ಹೊರಗಿನಿಂದ ಬೀಜ ತಂದು ಹಾಕಿದರೆ ಆಯಿತಲ್ಲ? ಅಷ್ಟು ಸುಲಭವಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬದುಕುವುದಿಲ್ಲ. ಜೊತೆಗೆ ನೆಲವೂ ಸೊರಗಿರುತ್ತದೆ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮುದಿ ಇಲಿಗೂ ಎಳೆಯ ಇಲಿಗೂ ರಕ್ತಸಂಚಾರ ಒಂದು ಮಾಡಿದಾಗ, ಮುದಿ ಇಲಿಯ ಸ್ವಂತ ಕೋಶಗಳೇ ಮತ್ತೆ ಎಚ್ಚರಗೊಂಡವು. ಅಂದರೆ ತೊಂದರೆ ಬೀಜದ್ದು ಮಾತ್ರವಲ್ಲ. ವೃದ್ಧರ ಮೇಲೆ ಪ್ರಯೋಗಗಳು ನಡೆದಿವೆ, ಆದರೆ ಇದಿನ್ನೂ ಒಪ್ಪಿತ ಚಿಕಿತ್ಸೆಯಾಗಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ತೋಟ ಮಾರಿಸುವ ಇಂಜೆಕ್ಷನ್ ಪ್ರಯೋಗವೂ ಅಲ್ಲ, ಚಿಕಿತ್ಸೆಯೂ ಅಲ್ಲ.

"ಹಂಗಾದ್ರೆ ನನಗೇನು ದಾರಿ?" ಎಂದರು ದೊಡ್ಡಪ್ಪ.

ದಾರಿ ಇದೆ. 1990ರಲ್ಲಿ ಬಾಸ್ಟನ್‌ನ ವೈದ್ಯೆ ಮರಿಯಾ ಫಿಯಾಟರೋನ್ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಂಟು ವಾರ ಮುಗಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು!

ಹಾಸನಕ್ಕೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆವು. ಸಕ್ಕರೆ, ಥೈರಾಯ್ಡ್, ಹೃದಯ ಎಲ್ಲ ನೋಡಿದ ಮೇಲೆ ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಟ್ಟರು. ಮುದ್ದೆಯ ಜೊತೆ ತಿಳಿಸಾರಿನ ಬದಲು ಹುರುಳಿಕಾಳು, ದಿನಕ್ಕೊಂದು ಮೊಟ್ಟೆ, ರಾತ್ರಿ ಹಾಲು ಸೇರಿತು. ಹೊಳೆನರಸೀಪುರದಲ್ಲಿ ಓದುವ ಮೊಮ್ಮಗಳು ಭಾನುವಾರಗಳಂದು ಬಂದು ಲೆಕ್ಕ ಬರೆದಳು.

ಮಕ್ಕಳೇ, ನೀವೂ ಈ ಲೆಕ್ಕ ಮಾಡಬಹುದು. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅಜ್ಜ, ಅಜ್ಜಿ ಎದೆಯ ಮೇಲೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಬೇಕು. ಏಷ್ಯಾದ ತಜ್ಞರ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಮಂಡಿನೋವು, ತಲೆಸುತ್ತು ಇರುವವರಿಗೆ ಬಲವಂತ ಬೇಡ.

ದೊಡ್ಡಪ್ಪನಿಗೆ ಮೊದಲ ದಿನ 22 ಸೆಕೆಂಡು ಹಿಡಿದಿತ್ತು. ದೀಪಾವಳಿಗೆ 15ಕ್ಕೆ ಇಳಿಯಿತು. ತೋಟ ಹಾಗೇ ಉಳಿದಿದೆ.

"ಇನ್ನು ಶ್ರವಣಬೆಳಗೊಳದ ಬೆಟ್ಟ ಹತ್ತೋದೇ!" ಎಂದರು ಮೀಸೆ ತಿರುವುತ್ತಾ. ಅಲ್ಲಿರುವುದು ಆರುನೂರಕ್ಕೂ ಹೆಚ್ಚು ಮೆಟ್ಟಿಲು.

ಮೊಮ್ಮಗಳು ನೋಟ್‌ಬುಕ್ಕಿನಿಂದ ತಲೆ ಎತ್ತದೆ ಹೇಳಿದಳು: "ಮೊದಲು ಹನ್ನೆರಡು ಸೆಕೆಂಡು, ತಾತ!"