ಹಳೇ ಕಾರು ಪೆಟ್ರೋಲು ಕುಡಿಯುವುದು ಯಾರ ತಪ್ಪು?

ಸಿರಸಂಗಿ: "ಆವರೇಜ್ ಕೊಡವಲ್ದು. ಮೊದಲ ಹದಿನಾರ ಕೊಡತಿತ್ತು, ಈಗ ಹನ್ನೊಂದ ಬಂದ್ರ ಪುಣ್ಯಾ." ಹಳೇ ಕಾರು ಇಟ್ಟುಕೊಂಡವರು ಚಹಾದಂಗಡಿ ಮುಂದೆ ಕೂತರೆ ಬರುವ ಮಾತು ಇದು. ಕೂಡಲೇ ಪಕ್ಕದವರ ತೀರ್ಪೂ ಬರುತ್ತದೆ: "ಪೆಟ್ರೋಲಿನ್ಯಾಗ ಕಬ್ಬಿನ ಎಣ್ಣಿ ಹಾಕ್ಯಾರ, ಅದಕ್ಕ ಹಂಗ."

ಈ ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ಖರೆಯೂ ಅಲ್ಲ. ಲೀಟರಿಗೆ ನೂರು ರೂಪಾಯಿ ದಾಟಿದ ಈ ಕಾಲದಲ್ಲಿ ಸಾಮಾನು ತರಲು ಸವದತ್ತಿಗೋ ಬೈಲಹೊಂಗಲಕ್ಕೋ ಹೋಗುವ ಅಂಗಡಿಕಾರನಿಗೆ ಇದು ಹುಡುಗಾಟದ ವಿಷಯವಲ್ಲ. 160 ಕಿ.ಮೀ. ಓಡಾಟಕ್ಕೆ 10 ಲೀಟರು ಹೋಗುವ ಕಡೆ ಹದಿನಾಲ್ಕೂವರೆ ಹೋದರೆ ನಾಲ್ಕುನೂರೈವತ್ತು ರೂಪಾಯಿಗೆ ಕತ್ತರಿ ಬಿತ್ತೆಂದೇ ಲೆಕ್ಕ.

ಮೊದಲು ಕಬ್ಬಿನ ಎಣ್ಣೆಯ ಲೆಕ್ಕ ನೋಡಬೇಕು. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಶುರುವಾಗಿ 2025ರ ಹೊತ್ತಿಗೆ ದೇಶದ ಬಂಕುಗಳನ್ನೆಲ್ಲ ತಲುಪಿತು. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಬೆರೆಸಿದರೆ ಒಟ್ಟು ಕಸುವಿನಲ್ಲಿ ಶೇ. 6-7 ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೇ ನಮೂನೆಯ ಕಾರುಗಳಿಗೆ ಇಷ್ಟೇ ಇಳಿಕೆ ಹೇಳಲಾಗಿದೆ. ಅಂದರೆ 16 ಕೊಡುತ್ತಿದ್ದ ಕಾರು 15ಕ್ಕೆ ಬರಬೇಕು. 11ಕ್ಕೆ ಇಳಿದರೆ ಉಳಿದ ನಾಲ್ಕು ಕಿ.ಮೀ. ಕಬ್ಬಿನ ಪಾಲಲ್ಲ, ಕಾರಿನದೇ ಪಾಲು. (ಕಬ್ಬಿನವರ ಪಾಲಿಗೆ ಏನು ಬಂತು ಎಂಬುದು ಬೇರೆ ಪುರಾಣ. ಮುನವಳ್ಳಿಯಂಥ ಕಡೆ ಕಬ್ಬು ಅರೆಯುವ ಕಾರ್ಖಾನೆಯೇ ಎಥೆನಾಲೂ ಮಾಡುತ್ತದೆ. ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ಟನ್ನಿಗೆ 3,500 ಕೇಳಿ ರೈತರು ರಸ್ತೆಯಲ್ಲೇ ಕೂತಿದ್ದರು.)

ಹಾಗಾದರೆ ನಾಲ್ಕು ಕಿ.ಮೀ. ಎಲ್ಲಿ ಹೋಯಿತು? ಹುಡುಕುವ ಮೊದಲು ಅಳತೆಯೇ ಸರಿ ಇದೆಯೋ ಇಲ್ಲವೋ ನೋಡಬೇಕು. ಮುನ್ನೂರು ರೂಪಾಯಿದು ಹಾಕಿಸಿ, ಮುಳ್ಳು ನೋಡಿ ಆವರೇಜ್ ಹೇಳುವುದು ಕಣ್ಣಳತೆಯಲ್ಲಿ ಬಟ್ಟೆ ಹರಿದಂತೆ. ಟ್ಯಾಂಕು ತುಂಬಿಸಿ, ಕಿಲೋಮೀಟರ್ ಬರೆದುಕೊಂಡು, ಇನ್ನೂರು ಕಿ.ಮೀ. ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿದಾಗ ಎಷ್ಟು ಲೀಟರು ಹಿಡಿಯಿತೋ ಅದರಿಂದ ಭಾಗಿಸಬೇಕು. ಹುಣ್ಣಿಮೆ ದಿನ ಯಲ್ಲಮ್ಮನ ಗುಡ್ಡದ ಗದ್ದಲದಲ್ಲಿ ಫಸ್ಟ್ ಗೇರಿನಲ್ಲಿ ತೆವಳಿದ ಲೆಕ್ಕ ಇದಕ್ಕೆ ನಡೆಯದು.

ಇಷ್ಟಾದ ಮೇಲೆ ಖರ್ಚಿಲ್ಲದ ತಪಾಸಣೆ. ಟೈರಿನ ಗಾಳಿ ತಣ್ಣಗಿದ್ದಾಗ ನೋಡಿಸಬೇಕು. ಜಾಕ್ ಹಚ್ಚಿ ಒಂದೊಂದೇ ಗಾಲಿ ಕೈಯಿಂದ ತಿರುಗಿಸಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟರೂ ಬಿಗಿಯಾಗಿ ತಿರುಗಿದರೆ ಬ್ರೇಕು ಹಿಡಿದುಕೊಂಡಿದೆ. ಪೆಟ್ರೋಲು ಅಲ್ಲಿ ಸವೆಯುತ್ತಿರುತ್ತದೆ, ಮಾಲೀಕ ಇಲ್ಲಿ ಬಂಕಿನವನನ್ನು ಬೈಯುತ್ತಿರುತ್ತಾನೆ. ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುವ ಚಟವೂ ಇದೇ ಜಾತಿಯದು.

ಎಂಜಿನ್ನಿನ ಕಡೆ ಬಂದರೆ ಪ್ಲಗ್ಗು ಬಿಚ್ಚಿ ನೋಡುವುದೇ ಮೊದಲ ಕೆಲಸ. ತುದಿ ಚಹಾದ ಬಣ್ಣದ್ದಿದ್ದರೆ ಸರಿ. ಒಣ ಕಾಡಿಗೆಯಂತೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಪದ್ಮಿನಿ, ಹಳೇ ಮಾರುತಿ 800ರಂಥ ಕಾರ್ಬೋರೇಟರ್ ಗಾಡಿಯಲ್ಲಿ ಇದಕ್ಕೆ ಕಾರಣ ಹಲವು: ಚೋಕ್ ಪೂರ್ತಿ ಬಿಡದೇ ಇರುವುದು, ಫ್ಲೋಟಿನ ಸೂಜಿ ಸವೆದು ಪೆಟ್ರೋಲು ಉಕ್ಕುವುದು, ಧೂಳು ತುಂಬಿದ ಏರ್ ಫಿಲ್ಟರು. ಇಲ್ಲೇ ಎಥೆನಾಲಿನ ಇನ್ನೊಂದು ಆಟವೂ ಇದೆ. ಅದು ಬೆರೆತ ಪೆಟ್ರೋಲು ಹಳೇ ಕಾರ್ಬೋರೇಟರಿಗೆ ತೆಳುವಾಗಿ ಗಾಡಿ ಜಗ್ಗುತ್ತದೆ. ಚಾಲಕ ಚೋಕ್ ಎಳೆದೇ ಓಡಿಸುತ್ತಾನೆ, ಇಲ್ಲವೇ ಮಿಸ್ತ್ರಿ ಜೆಟ್ಟೇ ದೊಡ್ಡದು ಮಾಡುತ್ತಾನೆ. ಜಗ್ಗುವುದು ನಿಲ್ಲುತ್ತದೆ, ಆವರೇಜೂ ನಿಲ್ಲುತ್ತದೆ!

ಇಂಜೆಕ್ಷನ್ ಗಾಡಿಯಲ್ಲಿ ಕಳ್ಳ ಬೇರೆ. ಎಂಜಿನ್ ಬಿಸಿ ಆಗುತ್ತದೆಂದು ಥರ್ಮೋಸ್ಟಾಟ್ ವಾಲ್ವ್ ಕಿತ್ತು ಒಗೆಯುವ ರೂಢಿ ನಮ್ಮ ಕಡೆ ಹಳೆಯದು. ವಾಲ್ವ್ ಇಲ್ಲದ ಎಂಜಿನ್ ಬೇಗ ಕಾಯುವುದಿಲ್ಲ. ಇನ್ನೂ ತಣ್ಣಗೇ ಇದೆ ಎಂದು ತಿಳಿದ ಕಂಪ್ಯೂಟರು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಶಾಖದ ಸೆನ್ಸರ್ ಅಥವಾ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಗತಿ ಹೆಚ್ಚುಕಡಿಮೆ ಇದೇ. ಸ್ಕ್ಯಾನರ್ ಇದ್ದ ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ತೋರಿಸದೇ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ಗ್ಯಾರೇಜಿನವರಿಗೇ ಹಬ್ಬ.

ಇದೆಲ್ಲ ಸರಿ ಇದ್ದೂ ಆವರೇಜ್ ಬರದಿದ್ದರೆ ಕಂಪ್ರೆಷನ್ ತಪಾಸಣೆ ಮಾಡಿಸಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆಯಾದರೆ ಪೆಟ್ರೋಲು. ರಿಂಗ್, ಬೋರಿನ ಕೆಲಸ ಬಂತೆಂದರೆ ಕಾರು ಇಡುವುದೋ ಮಾರುವುದೋ ಎಂಬ ಪ್ರಶ್ನೆ ಏಳುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಮನೆಯ ಹೆಣ್ಣುಮಕ್ಕಳು 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಪುಕ್ಕಟೆ ಹೋಗಿ ಬರುತ್ತಿರುವಾಗ ಈ ಲೆಕ್ಕ ಇನ್ನೂ ಬಿಗಿ.

ಎಥೆನಾಲ್ ಇಲ್ಲದ ಪೆಟ್ರೋಲೂ ಬಂಕಿನಲ್ಲಿ ಸಿಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿದೆ. ಹಾಗಾಗಿ ಕಾರು ಉಳಿಸಿಕೊಳ್ಳುವವರು ಹಳೇ ರಬ್ಬರ್ ಪೈಪು, ವಾಷರುಗಳ ಕಡೆ ಕಣ್ಣಿಡುವುದು ಒಳ್ಳೆಯದು. ಎಥೆನಾಲಿಗೆ ಹಳೇ ರಬ್ಬರು ಉಬ್ಬಿ ಬಿರುಕು ಬಿಡುತ್ತದೆ. ಬೆಳಿಗ್ಗೆ ಕಾರಿನ ಹತ್ತಿರ ಹೋದಾಗ ಪೆಟ್ರೋಲಿನ ವಾಸನೆ ಬಡಿದರೆ ಆವರೇಜಿನ ಮಾತು ಆಮೇಲೆ, ಮೊದಲು ಕೈಯಲ್ಲಿನ ಬೀಡಿ ದೂರ ಆರಿಸಿ ಬಂದು ಪೈಪು ನೋಡಬೇಕು.