ನಮ್ಮೂರ ಹೆಸರಿನ ಸಿನಿಮಾದಾಗೆ ಹೆಂಗಸರು ಬೆಂಕಿಕಡ್ಡಿಗಳಾ?

ಸೂಪರ್‌ಹೀರೋ ಅಂದ್ರೆ ಮೈಗಂಟಿದ ಬಟ್ಟೆ ಇರಲೇಬೇಕು ಅಂತೇನಿಲ್ಲ. ಗಡ್ಡ ಬಿಟ್ಟು, ಕೋಟು ಹಾಕ್ಕೊಂಡು, ಸಾವಿರ ಜನದ ಎದುರಿಗೆ ಒಬ್ಬನೇ ನಿಂತ್ರೂ ಆಯ್ತು. 2018ರಲ್ಲೂ 2022ರಲ್ಲೂ ನಮ್ಮ ಕೆಜಿಎಫ್ ಹೆಸರಿಟ್ಕೊಂಡು ಬಂದ ಸಿನಿಮಾದ ರಾಕಿ ಅಂಥವನೇ. ನಮ್ಮ ಬೀದಿ ಹುಡುಗರಿಗೆ ಅವನ ಮಾತೆಲ್ಲ ಬಾಯಿಪಾಠ. ಇರಲಿ. ನನ್ನ ತಕರಾರು ಅವನ ಮೇಲಲ್ಲ. ಅವನ ಪಕ್ಕದಾಗೆ ನಿಲ್ಲಿಸಿರೋ ಹೆಂಗಸರನ್ನ ಎಂಗೆ ಬಳಸವ್ರೆ ಅನ್ನೋದರ ಮೇಲೆ.

ನೀವೇ ಲೆಕ್ಕ ಹಾಕಿ. ತಾಯಿ ಬಡತನದಾಗೆ ಸಾಯ್ತಾಳೆ. ಸಾಯೋ ಮುಂಚೆ ಮಗನ ಕೈಲಿ ಮಾತು ತಗೋತಾಳೆ. ರೀನಾಗೆ ಮೊದಲು ಅವನ್ನ ಕಂಡ್ರೇ ಆಗದು. ಎರಡನೇ ಭಾಗದಾಗೆ ಅವಳ ಇಷ್ಟ ಕೇಳದೇನೇ ಗಣಿಗೆ ಕರ್ಕೊಂಬರ್ತಾನೆ. ಆಮೇಲೆ ಪ್ರೀತಿ, ಮದುವೆ, ಬಸುರು, ಕೊನೆಗೆ ಅಧೀರನ ಗುಂಡು. ಒಬ್ಬಳ ಸಾವು ಕಥೆ ಶುರು ಮಾಡೋಕೆ, ಇನ್ನೊಬ್ಬಳ ಸಾವು ಹೀರೋ ಕೋಪ ಹತ್ತಿಸೋಕೆ. ಬೆಂಕಿಪೊಟ್ಟಣದ ಕಡ್ಡಿ ಇದ್ದಂಗೆ: ಗೀಚು, ಬಿಸಾಕು.

ಈ ಚಾಳಿ ನಮ್ಮೋರು ಕಂಡುಹಿಡಿದಿದ್ದಲ್ಲ. ಅಮೆರಿಕದ ಕಾಮಿಕ್ಸ್‌ನಾಗೆ 1973ರಲ್ಲೇ ಸ್ಪೈಡರ್‌ಮ್ಯಾನ್ ಪ್ರೇಯಸಿ ಗ್ವೆನ್ ಸ್ಟೇಸಿಯನ್ನ ಸಾಯಿಸಿದರು. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ನ ಪ್ರೇಯಸಿಯನ್ನ ಕೊಂದು ಫ್ರಿಜ್ಜಿನೊಳಗೆ ತುರುಕಿದರು, ಮನೆಗೆ ಬಂದ ಹೀರೋ ನೋಡಲಿ ಅಂತ. ಅದನ್ನ ಕಂಡು ಗೇಲ್ ಸಿಮೋನ್ ಅನ್ನೋಳು 1999ರಲ್ಲಿ ಇಂಗೆ ಸತ್ತ, ಕೈಕಾಲು ಕಳಕೊಂಡ, ಶಕ್ತಿ ಕಳಕೊಂಡ ಹೆಂಗಸರದೇ ಒಂದು ಪಟ್ಟಿ ಮಾಡಿದಳು. ಪಟ್ಟಿ ಉದ್ದಕ್ಕೆ ಬೆಳೀತು. ಫ್ರಿಜ್ಜು ನಮ್ಮ ಅಡುಗೆಮನೆ ಸಾಮಾನು. ಆದ್ರೂ ಅದರೊಳಗೆ ಯಾರನ್ನ ಇಟ್ಟವ್ರೆ ಅಂತ ನಾವು ಕೇಳಲೇ ಇಲ್ಲ.

"ಸಿನಿಮಾ ಅಲ್ವೇನಕ್ಕಾ, ಯಾಕೆ ಇಷ್ಟು ತಲೆಕೆಡಿಸ್ಕೋತೀಯ? ತಾಯೀನ ದೇವರು ಮಾಡವ್ರಲ್ಲ? ರಮಿಕಾ ಸೇನ್ ಪ್ರಧಾನಮಂತ್ರೀನೇ ಅಲ್ವಾ?" ಅಂತೀರಿ. ದೇವರು ಮಾಡಿದ್ರೆ ಅವಳಿಗೆ ಕೆಲಸ ತಪ್ಪುತ್ತೆ. ಫೋಟೋಗೆ ಹಾರ ಹಾಕಿದಂಗೆ. ರಮಿಕಾ ಸೇನ್ ಮಾತ್ರ ನಿಜಕ್ಕೂ ಏನೋ ತೀರ್ಮಾನ ತಗೋತಾಳೆ, ಒಪ್ಪಿದೆ. ಆದ್ರೆ ಅವಳೂ ಬರೋದು ರಾಕಿ ಎಷ್ಟು ದೊಡ್ಡೋನು ಅಂತ ಅಳೆಯೋಕೇನೇ.

ಹೆಂಗಸರೇ ಹೀರೋ ಆಗಲಿ ಅಂತ ನಾನು ಕೇಳ್ತಿಲ್ಲ. ಪಕ್ಕದ ಪಾತ್ರಕ್ಕೂ ಒಂದು ನಾಳೆ ಇರಲಿ ಅಂತೀನಿ. ಅದು ಆಗದ ಕೆಲಸವೇನಲ್ಲ. 1988ರಲ್ಲಿ ಬ್ಯಾಟ್‌ಮನ್ ಕಥೆಯೊಂದರಾಗೆ ಬಾರ್ಬರಾ ಗಾರ್ಡನ್‌ಗೆ ಜೋಕರ್ ಗುಂಡು ಹೊಡೆದ, ನಡೆಯೋಕೆ ಆಗದಂಗಾಯ್ತು. ಅವಳನ್ನ ಅಷ್ಟಕ್ಕೇ ಬಿಡೋಕೆ ಮನಸ್ಸಿಲ್ಲದೆ ಕಿಮ್ ಯೇಲ್, ಜಾನ್ ಆಸ್ಟ್ರಾಂಡರ್ ಅನ್ನೋ ಗಂಡಹೆಂಡ್ತಿ ಮುಂದಿನ ವರ್ಷವೇ ಅವಳನ್ನ ಕಂಪ್ಯೂಟರ್ ಮುಂದೆ ಕೂರಿಸಿ 'ಆರಕಲ್' ಮಾಡಿದರು. ಗಾಲಿಕುರ್ಚಿಯಲ್ಲಿದ್ದುಕೊಂಡೇ ಬೇರೆ ಹೀರೋಗಳಿಗೆ ದಾರಿ ತೋರಿಸೋಳಾದಳು. ಬರೆಯೋರಿಗೆ ಮನಸ್ಸಿದ್ರೆ ಸಾಕು.

ನಮ್ಮೂರಲ್ಲಿ ಇದು ಯಾಕೆ ಜಾಸ್ತಿ ಚುಚ್ಚುತ್ತೆ ಅಂದ್ರೆ, ಇಲ್ಲಿ ಸತ್ತು ಕಥೆ ನಡೆಸಿದೋರು ಹೆಂಗಸರಲ್ಲ, ಬದುಕಿ ನಡೆಸಿದೋರು. 1952ರ ಗಣಿ ಕಾಯಿದೆ ಹೆಂಗಸರು ನೆಲದೊಳಗೆ ಇಳಿಯೋದನ್ನ ನಿಷೇಧಿಸಿತು. ಚಾಂಪಿಯನ್ ರೀಫಿನಲ್ಲಿ ಗಂಡಸರು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳೀತಿದ್ದಾಗ ಮೇಲಿನ ಲೈನ್ ಮನೆಗಳಲ್ಲಿ ನೀರು ಹೊತ್ತು, ಸೈನೈಡ್ ದಿಬ್ಬದ ಧೂಳು ಗುಡಿಸಿ, ಸಿಲಿಕೋಸಿಸ್ ಬಂದ ಗಂಡನ ಎದೆ ನೀವಿದೋರು ಯಾರು? 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋದೋರಲ್ಲಿ ನಮ್ಮ ಹೆಣ್ಣುಮಕ್ಕಳು ಕಮ್ಮಿ ಇದ್ರಾ? ಸಿನಿಮಾದ ನರಾಚಿ ಕಟ್ಟುಕಥೆ, ಗೊತ್ತು. ಆದ್ರೆ ಊರ ಹೆಸರು ಕಟ್ಟುಕಥೆಯಲ್ಲ. ಹೊರಗಿನೋರು ಕೆಜಿಎಫ್ ಅಂದಾಕ್ಷಣ ಅದನ್ನೇ ನೆನೀತಾರೆ. ನಮ್ಮ ಮಕ್ಕಳೂ ಅದನ್ನೇ ನೆನೀತಾ ಬೆಳೀತವ್ರೆ.

ಅದಕ್ಕೇ ಟೀವಿ ಆರಿಸಿ ಅಂತ ಹೇಳಲ್ಲ. ಮಕ್ಕಳ ಜೊತೆ ಕೂತು ನೋಡಿ. ರೀನಾ ಸತ್ತಾಗ ಒಂದು ಮಾತು ಕೇಳಿ: "ಇವಳು ಬದುಕಿದ್ರೆ ನಾಳೆ ಏನು ಮಾಡ್ತಿದ್ಳು?" ಹುಡುಗನಿಗೆ ಉತ್ತರ ಹೊಳೀಲಿಲ್ಲ ಅಂದ್ರೆ ತಪ್ಪು ಅವನದಲ್ಲ, ಅವಳಿಗೆ ನಾಳೆಯನ್ನೇ ಬರೆಯದೋನದು.